ಮದುವೆಗೋ ಮಣ್ಣಿಗೋ

ಹೊಸದುರ್ಗದಲ್ಲಿ ಕ್ಲಾರ್ನೆಟ್ ಕನಕರಾಜನ ಹೆಸರು ಕೇಳದವರು ಕಮ್ಮಿ, ಮುಖ ಕಂಡು ಗುರುತು ಹಿಡಿಯೋರು ಇನ್ನೂ ಕಮ್ಮಿ. ಮೆರವಣಿಗೇಲಿ ಜನ ಗಂಡಿನ ಮುಖ ನೋಡ್ತಾರೆ, ಹೆಣ್ಣಿನ ಕತ್ತು ಕಿವಿ ನೋಡ್ತಾರೆ, ಬ್ಯಾಂಡ್ ಸೆಟ್ಟಿನವನ ಮುಖ ಯಾರು ನೋಡ್ತಾರೆ ಹೇಳ್ರಿ? ಕೆಂಪು ಕೋಟು, ಹೆಗಲ ಮೇಲೆ ಜರಿ ಹಗ್ಗ, ಕೆನ್ನೆ ಉಬ್ಬಿಸಿಕೊಂಡು ಊದೋ ಒಬ್ಬ ಮನುಷ್ಯ, ಅಷ್ಟೇ. ಆದರೆ ಈ ಮನುಷ್ಯ ಊದೋಕೆ ಶುರುಮಾಡಿ ಮೂವತ್ತೈದು ವರ್ಷ ಆಯ್ತು. ಅವನು ಊದಿ ಮದುವೆ ಮಾಡಿಸಿದವರ ಮಕ್ಕಳ ಮದುವೆಗೂ ಅವನೇ ಊದಿದ್ದಾನೆ. ಅವರಲ್ಲಿ ಎಷ್ಟೋ ಜನರ ಮಣ್ಣಿಗೂ ಹೋಗಿ ಊದಿ ಬಂದಿದ್ದಾನೆ.

ಇಂಥ ಕನಕರಾಜನನ್ನ ಹೋದ ತಿಂಗಳು ಪ್ರದೀಪ್ ಒಂದು ಮಾತು ಕೇಳಿದ. ಪ್ರದೀಪ್ ಅವನ ಸೆಟ್ಟಿನಲ್ಲೇ ಟ್ರಂಪೆಟ್ ಊದುವವನು, ಎರಡು ಮಕ್ಕಳ ತಂದೆ. ಮದುವೆ ಇಲ್ಲದ ದಿನ ತಾಲ್ಲೂಕು ಆಫೀಸಿನ ಎದುರು ಮೊಬೈಲ್ ರಿಪೇರಿ ಅಂಗಡಿ ನಡೆಸ್ತಾನೆ.

"ಕನಕಣ್ಣ, ನಿನ್ನ ಆ ಟ್ಯೂನು ರೆಕಾರ್ಡ್ ಮಾಡ್ಕಂಡಿದ್ನಲ್ಲ, ಅದನ್ನ ನೆಟ್‌ಗೆ ಹಾಕ್ತಿದೀನಿ. ಯಾವ ಜಾತಿ ಸಂಗೀತ ಅಂತ ಕೇಳ್ತೈತೆ ಇಲ್ಲಿ. ಫೋಕ್ ಅನ್ಲಾ? ಡಿವೋಷನಲ್ ಅನ್ಲಾ? ಕ್ಲಾಸಿಕಲ್ಲು, ಫಿಲ್ಮು ಎಲ್ಲಾ ಅವೆ."

"ಏನೂ ಹಾಕ್ಬ್ಯಾಡ. ಬಿಡು."

"ಬಿಟ್ರೆ ಮುಂದಕ್ಕೇ ಹೋಗಲ್ಲ ಕಣಣ್ಣ. ಅದರ್ಸ್ ಅಂತ ಒಂದು ಐತೆ, ಒತ್ಲಾ?"

"ಅದೇನು ರೇಷನ್ ಕಾರ್ಡ್ ಅರ್ಜಿ ಏನಲೇ, ಅದರ್ಸ್ ಅನ್ನಾಕೆ? ಅಂಗೇ ಇಟ್ಟಿರು. ನಾನೇ ಹೇಳ್ತೀನಿ."

ಪ್ರದೀಪ್ ನಕ್ಕ. ಕನಕರಾಜ್ ನಗಲಿಲ್ಲ. ಫೋನು ಈಗ ಕೇಳಿದ ಪ್ರಶ್ನೆಯನ್ನ ಅವನು ಐದು ವರ್ಷದಿಂದ ತನಗೆ ತಾನೇ ಕೇಳ್ಕೊಳ್ತಾ ಇದ್ದ. ಫೋನಿನಲ್ಲಿ ತಪ್ಪು ಒತ್ತಿದ್ರೆ ಅಳಿಸಿ ಇನ್ನೊಂದು ಒತ್ತಬಹುದು. ಅವನ ಕಸುಬಿನಲ್ಲಿ ಅಳಿಸೋ ಮಾತೇ ಇಲ್ಲ.

ಅದು ಹೆಂಗೆ ಅಂತ ತಿಳಿಬೇಕಾದ್ರೆ ಅವನ ಗುರುವಿನ ಕತೆ ಕೇಳಬೇಕು.

ಮತ್ತೋಡಿನ ದೊಡ್ಡತಿಮ್ಮಪ್ಪ ಅಂದ್ರೆ ಆ ಕಾಲಕ್ಕೆ ಹೊಸದುರ್ಗ, ಹೊಳಲ್ಕೆರೆ ಎರಡೂ ತಾಲ್ಲೂಕಿಗೆ ಒಬ್ಬರೇ ಬ್ಯಾಂಡ್ ಮಾಸ್ಟ್ರು. ಕನಕರಾಜ್ ಹದಿನೇಳರ ಹುಡುಗನಿದ್ದಾಗ ಅಪ್ಪನ ಜೊತೆ ತೆಂಗಿನಕಾಯಿ ಸುಲಿಯೋಕೆ ಮತ್ತೋಡಿಗೆ ಹೋಗಿದ್ದ. ಪಕ್ಕದ ಬೀದೀಲಿ ಮಾಸ್ಟ್ರು ಊದ್ತಿದ್ರು. ಸುಲಿಯೋ ಮಚ್ಚು ಅಲ್ಲೇ ಬಿಟ್ಟು ಹೋದವನು ಮತ್ತೆ ಆ ಕೆಲಸಕ್ಕೆ ಬರಲಿಲ್ಲ. ಅಪ್ಪ ಬಂದು ಕಿವಿ ಹಿಡಿದು ಎಳೆದ್ರೂ ಬರಲಿಲ್ಲ. ಮಾಸ್ಟ್ರು ಮೊದಲ ಆರು ತಿಂಗಳು ಅವನ ಕೈಗೆ ಕ್ಲಾರ್ನೆಟ್ಟೇ ಕೊಡಲಿಲ್ಲ. ಕೋಟಿನ ಗುಂಡಿ ಉಜ್ಜಿಸಿದ್ರು, ಡ್ರಮ್ಮು ಹೊರಿಸಿದ್ರು, ಕೊನೆಗೆ ಒಂದು ನೋಟ್‌ಬುಕ್ ಕೊಟ್ಟು "ಮೊದ್ಲು ಇದನ್ನ ಬಾಯಿಪಾಠ ಮಾಡಲೇ" ಅಂದ್ರು.

ಆ ನೋಟ್‌ಬುಕ್ಕಿನಲ್ಲಿ ಸೆಟ್ಟಿನವರು ಊದೋ ಟ್ಯೂನುಗಳ ಪಟ್ಟಿ ಇತ್ತು. ಪ್ರತಿ ಹಾಳೇಲೂ ಗೆರೆ ಎಳೆದು ಮೂರು ಖಾನೆ ಮಾಡಿದ್ರು. ಒಂದರ ತಲೆಮೇಲೆ 'ಮದುವೆ', ಒಂದರ ತಲೆಮೇಲೆ 'ದೇವರು', ಇನ್ನೊಂದರ ತಲೆಮೇಲೆ 'ಮಣ್ಣು'. ಯಾವ ಟ್ಯೂನು ಸಿನಿಮಾದ್ದು, ಯಾವುದು ನಾಟಕದ್ದು, ಯಾವುದು ಭಜನೆದು ಅನ್ನೋದೆಲ್ಲ ಮಾಸ್ಟ್ರಿಗೆ ಬೇಕಿರಲಿಲ್ಲ. ಯಾವ ಬಾಗಿಲ ಮುಂದೆ ಊದಬಹುದು, ಯಾವ ಬಾಗಿಲ ಮುಂದೆ ಊದಬಾರದು, ಅದು ಗೊತ್ತಿದ್ರೆ ಸಾಕು. ಒಂದು ಸಲ ಹೆಣದ ಮುಂದೆ ಊದಿದ ಟ್ಯೂನು ಮತ್ತೆ ಚಪ್ಪರಕ್ಕೆ ಬರಬಾರದು. ಮಣ್ಣಿನ ಖಾನೆ ಸೇರಿತು ಅಂದ್ರೆ ಅಲ್ಲಿಗೆ ಅದರ ಹಣೆಬರಹ ಮುಗೀತು.

ಖಾನೆ ಬೇರೆ ಆದ್ರೆ ಡ್ರಮ್ಮಿನ ಬಡಿತಾನೂ ಬೇರೆ. ಮದುವೆ ಬಡಿತಕ್ಕೆ ಮುದುಕರ ಹೆಬ್ಬೆರಳೂ ಕುಣೀತೈತೆ. ಮಣ್ಣಿನ ಬಡಿತ ಅಂದ್ರೆ ಮೂರು ಏಟು, ಒಂದು ಬಿಡುವು, ಮತ್ತೆ ಮೂರು ಏಟು. ಕೇಳಿದ್ರೆ ಬಾಗಿಲಲ್ಲಿ ಕುಂತಿದ್ದ ಬಸುರಿ ಹೆಂಗಸರು ಎದ್ದು ಒಳಕ್ಕೆ ಹೋಗ್ತಾರೆ.

ಈ ಮರ್ಯಾದೆಯನ್ನ ಕನಕರಾಜ್ ಒಂದೇ ಒಂದು ಸಲ ಮುರಿದಿದ್ದ. ಆಗ ಅವನಿಗೆ ಇಪ್ಪತ್ತೆರಡು.

ಹೊಳಲ್ಕೆರೆ ಕಡೆ ತಾಳ್ಯದಲ್ಲಿ ಮದುವೆ. ಮನೆಯ ಯಜಮಾನ, ಅಂದ್ರೆ ಹೆಣ್ಣಿನ ಅಜ್ಜ, ಮೂರು ತಿಂಗಳ ಹಿಂದೆ ತೀರಿಕೊಂಡಿದ್ದ. ಹಿರಿಯರು ಹೋದ ಮನೇಲಿ ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕು ಅಂತ ಹತ್ತೊಂಬತ್ತು ವರ್ಷದ ಮೊಮ್ಮಗಳಿಗೆ ಗಂಡು ಗೊತ್ತುಮಾಡಿದ್ರು. ಅಜ್ಜನ ಮಣ್ಣಿಗೂ ಮಾಸ್ಟ್ರ ಸೆಟ್ಟೇ ಹೋಗಿತ್ತು, ಮದುವೆಗೂ ಅದೇ ಸೆಟ್ಟು. ಅಜ್ಜನಿಗೆ ಇಷ್ಟ ಅಂತ ಒಂದು ದೇವರ ಟ್ಯೂನನ್ನ ಅವತ್ತು ಗುಂಡಿವರೆಗೂ ಊದಿದ್ರು. ಮದುವೆ ದಿನ ಮಾಸ್ಟ್ರು ಎಲೆ ಅಡಿಕೆ ಹಾಕೋಕೆ ಅಂತ ಆ ಕಡೆ ಹೋದ್ರು. ಹೆಣ್ಣನ್ನ ಚಪ್ಪರಕ್ಕೆ ಕರ್ಕೊಂಡು ಬರ್ತಿದ್ರು. ನಮ್ಮ ಹುಡುಗನಿಗೆ ಆ ದೇವರ ಟ್ಯೂನು ಆಗಷ್ಟೇ ಚೆನ್ನಾಗಿ ಒಲಿದಿತ್ತು. ನಾಲ್ಕು ಜನರ ಮುಂದೆ ತೋರಿಸ್ಬೇಕು ಅನ್ನೋ ಚಪಲ. ಎತ್ತಿ ಊದೇಬಿಟ್ಟ.

ಅರ್ಧ ಊದಿರಲಿಲ್ಲ, ಹೆಣ್ಣಿನ ಚಿಕ್ಕಪ್ಪ ನುಗ್ಗಿ ಬಂದು ಕ್ಲಾರ್ನೆಟ್ಟಿಗೆ ಕೈ ಹಾಕಿದ. "ನಮ್ಮಪ್ಪನ ಮಣ್ಣಿಗೆ ಊದಿದ್ದಲ್ವೇನಲೇ ಇದು! ಹಾಳಾದೋನೆ, ಹೆಣ್ಣುಮಗಳ ಮುಂದೆ ಊದ್ತೀಯಾ?" ಗಂಡಿನ ಕಡೆಯವರು ಕುಂತಿದ್ದ ಚಾಪೆಯಿಂದ ಎದ್ದರು. ಹೆಣ್ಣು ನಿಂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಮಾಸ್ಟ್ರು ಓಡಿ ಬಂದವರೇ ಕನಕರಾಜನ ಕಪಾಳಕ್ಕೆ ಬಾರಿಸಿ, ಹೆಣ್ಣಿನ ತಾಯಿ ಕಾಲಿಗೆ ಬೀಳಿಸಿದ್ರು. ಎರಡು ಗಂಟೆ ಮದುವೆ ನಿಂತಿತ್ತು. ಪುರೋಹಿತರು ಏನೋ ಶಾಂತಿ ಮಾಡಿಸಿದ ಮೇಲೆ ಮುಂದುವರೀತು. ಕಪಾಳದ ಏಟು ಸಂಜೆಗೆ ಮರೆತುಹೋಯ್ತು, ಆ ಹೆಣ್ಣಿನ ಅಳೋ ಮುಖ ಮಾತ್ರ ಮರೀಲಿಲ್ಲ. ತನ್ನಿಂದ ಆ ಹುಡುಗಿ ಬಾಳಿಗೆ ಏನಾದ್ರೂ ಆದೀತಾ ಅಂತ ವರ್ಷಗಟ್ಟಲೆ ಹೆದರಿದ್ದ. ತಾಳ್ಯದ ಕಡೆಯವರು ಯಾರೇ ಸಿಕ್ಕಿದ್ರೂ ಆ ಮನೆ ವಿಷಯ ಕೇಳಬೇಕು ಅನ್ನಿಸೋದು. ಬಾಯಿ ಬರ್ತಿರಲಿಲ್ಲ.

ಇನ್ನು ಅವನ ಸ್ವಂತ ಟ್ಯೂನಿನ ಮಾತಿಗೆ ಬರಾಣ.

ಕೊರೋನಾ ಕಾಲದಲ್ಲಿ ಮದುವೆ ಇಲ್ಲ, ಮೆರವಣಿಗೆ ಇಲ್ಲ, ಮಣ್ಣಿಗೂ ಐದು ಜನ ಮೀರಂಗಿಲ್ಲ. ಕನಕರಾಜ್ ಮತ್ತೆ ತೆಂಗಿನಕಾಯಿ ಸುಲಿಯೋಕೆ ಹೋದ. ಮೂವತ್ತು ವರ್ಷ ಬಿಟ್ಟ ಕೆಲಸ, ಕೈಲಿ ಬೊಬ್ಬೆ ಎದ್ದವು. ಸಂಜೆ ತುಟಿಯ ಪಟ್ಟು ಹೋಗಬಾರದು ಅಂತ ಹಿತ್ತಲಲ್ಲಿ ಕುಂತು ಊದ್ತಿದ್ದ. ಒಂದು ದಿನ ಯಾರದ್ದೂ ಅಲ್ಲದ ಒಂದು ಟ್ಯೂನು ಬಂತು. ಮಾರನೇ ದಿನ ಇನ್ನಷ್ಟು ಬಂತು. ಹದಿನೈದು ದಿನಕ್ಕೆ ಪೂರ್ತಿ ಆಯ್ತು. ಜೀವಮಾನವೆಲ್ಲ ಬೇರೆಯವರ ಹಾಡು ಊದಿದವನಿಗೆ ಇದು ತನ್ನದು ಅಂತ ನಂಬೋಕೇ ಒಂದು ವಾರ ಹಿಡೀತು.

ತೊಂದರೆ ಏನಂದ್ರೆ, ಅದು ಯಾವ ಖಾನೆಗೂ ಕೂರ್ತಿರಲಿಲ್ಲ. ಹೆಂಡತಿ ಚಂದ್ರಕ್ಕ ಕೇಳಿ ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಸೈಡ್ ಡ್ರಮ್ಮಿನ ಮಲ್ಲೇಶ್ ಎರಡು ಕೋಲು ಎತ್ತಿ ಹಿಡಿದು ಸುಮ್ಮನೆ ನಿಂತ. "ಕನಕಣ್ಣ, ಯಾವ ಬಡಿತ ಬಡೀಲಿ? ಮದುವೇದಾ, ಮಣ್ಣಿಂದಾ? ನನಗೇ ತಿಳಿವಲ್ದು" ಅಂದ. ಕನಕರಾಜನಿಗೂ ತಿಳಿದಿದ್ರೆ ತಾನೇ ಹೇಳೋದು? ಅಷ್ಟೊತ್ತಿಗೆ ನೋಟ್‌ಬುಕ್ ಅವನ ಕೈಗೇ ಬಂದಿತ್ತು, ಮಾಸ್ಟ್ರು ಹಾಸಿಗೆ ಹಿಡಿದಿದ್ರು. ಪೆನ್ನು ಹಿಡಿದು ಮೂರು ಖಾನೆ ನೋಡ್ತಾ ಕೂತು, ಏನೂ ಬರೀದೆ ಮುಚ್ಚಿಡ್ತಿದ್ದ. ಎಲ್ಲೂ ಊದದೆ ಐದು ವರ್ಷ ಅದನ್ನ ಮನೇಲೇ ಇಟ್ಕೊಂಡ.

ಅದಕ್ಕೆ ಮೊದಲು ಹಕ್ಕು ಹೇಳಿದವಳು ಮಗಳು ಮೇಘಶ್ರೀ. ಬಿ.ಎಡ್. ಮಾಡಿ ಹೈಸ್ಕೂಲಲ್ಲಿ ಅತಿಥಿ ಶಿಕ್ಷಕಿ ಆಗಿದ್ದಳು. "ಅಪ್ಪಾ, ಇದು ನನ್ನ ಮದುವೆಗೆ. ನನ್ನ ಒಪ್ಪಿಸಿ ಕೊಡ್ತೀರಲ್ಲ, ಆಗ ಊದಬೇಕು. ಬೇರೆ ಯಾರಿಗೂ ಊದ್ಬ್ಯಾಡ" ಅಂದಳು. ಕನಕರಾಜನಿಗೆ ಎದೆ ತುಂಬಿ ಬಂತು. ಹೆಣ್ಣು ಒಪ್ಪಿಸೋ ಹೊತ್ತು ಅಂದ್ರೆ ನಗೋದೂ ಆಗುತ್ತೆ, ಅಳೋದೂ ಆಗುತ್ತೆ. ಇದಕ್ಕಿಂತ ಸರಿಯಾದ ಜಾಗ ಎಲ್ಲೈತೆ ಅಂತ ಒಪ್ಪಿಕೊಂಡ.

ಎರಡನೇ ಹಕ್ಕು ಮಾಸ್ಟ್ರದ್ದು. ಹೋದ ದೀಪಾವಳಿಗೆ ಮತ್ತೋಡಿಗೆ ಹೋದಾಗ ಅವರ ಹಾಸಿಗೆ ಪಕ್ಕ ಕುಂತು ಮೆಲ್ಲಗೆ ಊದಿದ. ಎಂಬತ್ತೆರಡರ ಮುದುಕರು ಕಣ್ಣು ಮುಚ್ಚಿ ಕೇಳಿದ್ರು. ಆಮೇಲೆ ಅವನ ಮೊಣಕೈ ಹಿಡಿದು "ಲೇ ಕನಕ, ನನ್ನ ಮಣ್ಣಿಗೆ ಇದನ್ನೇ ಊದಲೇ. ಇನ್ನೊಬ್ಬರ ಎಂಜಲು ಊದಬ್ಯಾಡ" ಅಂದ್ರು. ಕನಕರಾಜ್ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕ್ಲಾರ್ನೆಟ್ ಬಿಚ್ಚಿ ಪೆಟ್ಟಿಗೆಗೆ ಇಟ್ಟ.

ಇಷ್ಟೇ ಆಗಿದ್ರೆ ಹೆಂಗೋ ಸಂಭಾಳಿಸ್ತಿದ್ದ. ಆಗಲೇ ರಾಮಗಿರಿಯಿಂದ ಸಂಬಂಧ ಬಂತು. ಹುಡುಗ ಮಂಜುನಾಥ್, ರೈಲ್ವೆಯಲ್ಲಿ ಕೆಲಸ, ಒಳ್ಳೆ ಹುಡುಗ. ಅಪ್ಪ ಓಬಣ್ಣ. ಹೆಣ್ಣು ನೋಡೋಕೆ ಬಂದಾಗ ಹುಡುಗನ ತಾಯಿ ಹೇಮಾವತಿ ಚಾಪೆ ಮೇಲೆ ಕುಂತು, ಗೂಟಕ್ಕೆ ನೇತುಹಾಕಿದ್ದ ಕೆಂಪು ಕೋಟನ್ನೇ ನೋಡಿದಳು.

"ನೀವು ಮತ್ತೋಡು ದೊಡ್ಡತಿಮ್ಮಪ್ಪನೋರ ಸೆಟ್ಟಲ್ಲಿ ಇದ್ರಾ?"

"ಹೂಂ ತಾಯಿ. ಅವರೇ ನನ್ನ ಗುರುಗಳು."

"ತಾಳ್ಯಕ್ಕೆ ಬಂದಿದ್ರಾ? ಮೂವತ್ತು ವರ್ಷದ ಕೆಳಗೆ?"

ಕನಕರಾಜ್ ಆಗ ಆಕೆಯ ಮುಖವನ್ನ ಸರಿಯಾಗಿ ನೋಡಿದ. ಮುಖ ತುಂಬಿಕೊಂಡಿತ್ತು, ತಲೆ ಅರ್ಧ ಬೆಳ್ಳಗಾಗಿತ್ತು, ಆದರೂ ಅದೇ ಕಣ್ಣು. ಅವತ್ತು ಚಪ್ಪರದಲ್ಲಿ ನಿಂತು ಅತ್ತ ಹೆಣ್ಣು ಈಕೆಯೇ. "ಬಂದಿದ್ದೆ" ಅಂದ. ಹೇಮಾವತಿ ಟೀ ಕುಡಿದು ಮುಗಿಸಿ ಲೋಟ ಕೆಳಗಿಟ್ಟಳು. "ಹುಡುಗಿ ನಮಗೆ ಒಪ್ಪಿಗೆ. ಮದುವೆಗೆ ನಿಮ್ಮ ಸೆಟ್ಟೇ ಇರ್ಲಿ" ಅಂದು ಎದ್ದಳು.

ಅವರು ಹೋದ ಮೇಲೆ ಚಂದ್ರಕ್ಕ ಗಂಡನ ಮುಂದೆ ಬಂದು ನಿಂತಳು. "ಆಯಮ್ಮ ಮರೆತಿಲ್ಲ ಕಣ್ರಿ. ಪುಣ್ಯಕ್ಕೆ ಒಪ್ಪಿಕಂಡು ಹೋಗೈತೆ. ಇನ್ನೊಂದು ಸಲ ಏನಾರ ಎಡವಟ್ಟಾದ್ರೆ ನಮ್ಮ ಮಗಳು ಜೀವನ ಪೂರ್ತಿ ಆ ಮನೇಲಿ ಅದನ್ನೇ ಕೇಳಬೇಕು. ನೆನಪಿಟ್ಕಳ್ರಿ."

ನೆನಪಿಡೋಕೆ ಯಾರೂ ಹೇಳಬೇಕಿರಲಿಲ್ಲ. ಅವತ್ತಿನಿಂದ ಕನಕರಾಜ್ ಮತ್ತೋಡಿನಿಂದ ಫೋನ್ ಬಂದಾಗೆಲ್ಲ ಬೆವರ್ತಿದ್ದ. ಮಾಸ್ಟ್ರೇ, ಮದುವೆ ಒಂದು ಮುಗೀಲಿ, ಅಲ್ಲಿತನಕ ಇರ್ರಿ, ಅಂತ ಮನಸ್ಸಲ್ಲೇ ಬೇಡ್ಕೊಳ್ತಿದ್ದ. ಮದುವೆ ಆದ ಮೇಲೂ ಆ ಟ್ಯೂನನ್ನ ಮಣ್ಣಿಗೆ ಊದೋದು ಹೆಂಗೆ ಅಂತ ಯೋಚನೆ ಬಂದ್ರೆ ತಲೆ ಕೊಡವಿ ಬಿಡ್ತಿದ್ದ. ಗುರುವಿನ ಸಾವಿಗೆ ವಾಯಿದೆ ಕೇಳ್ತೀನಲ್ಲ ಅಂತ ತನ್ನ ಮೇಲೇ ಅಸಹ್ಯ ಆಗ್ತಿತ್ತು.

ಸಾವು ವಾಯಿದೆ ಕೊಡುತ್ತಾ? ಭಾನುವಾರ ಮದುವೆ. ಶುಕ್ರವಾರ ಬೆಳಿಗ್ಗೆ ಮನೆ ಮುಂದೆ ಚಪ್ಪರ ಹಾಕಿ, ಹಾಲುಗಂಬ ನೆಟ್ಟು, ಅರಿಶಿನ ಹಚ್ಚಿ ಪೂಜೆ ಮಾಡ್ತಿದ್ರು. ಮಲ್ಲೇಶ್ ಬೈಕಿನಲ್ಲಿ ಬಂದವನು ಚಪ್ಪರದ ಒಳಗೆ ಬರಲಿಲ್ಲ. ರಸ್ತೇಲೇ ನಿಂತು ಕೈ ಸನ್ನೆ ಮಾಡಿ ಕರೆದ. ಅವನ ಮುಖ ನೋಡಿದ್ದೇ ಕನಕರಾಜನಿಗೆ ಗೊತ್ತಾಯ್ತು.

"ಬೆಳಿಗ್ಗೆ ಆರಕ್ಕೆ. ಕಾಫಿ ಕುಡಿದ್ರಂತೆ, ಗೋಡೆಗೆ ಒರಗಿದ್ರಂತೆ, ಅಷ್ಟೇ. ಮೂರು ಗಂಟೆಗೆ ಮಣ್ಣು."

ಕನಕರಾಜ್ ಒಳಗೆ ಹೋಗಿ ಕ್ಲಾರ್ನೆಟ್ ಪೆಟ್ಟಿಗೆ ತಗೊಂಡ. ಕೆಂಪು ಕೋಟು ಬಿಟ್ಟು ಬಿಳಿ ಅಂಗಿ ಹಾಕ್ಕೊಂಡ. ಚಂದ್ರಕ್ಕ ಬಾಗಿಲಿಗೆ ಅಡ್ಡ ನಿಂತಳು, ಕೈಯೆಲ್ಲ ಅರಿಶಿನ.

"ಹಾಲುಗಂಬ ನೆಟ್ಟು ಮಣ್ಣಿಗೆ ಹೋಗ್ತಾರೇನ್ರಿ ಯಾರಾದ್ರೂ? ನಿಮಗೇನು ಬುದ್ಧಿ ಐತಾ ಇಲ್ವಾ?"

"ಚಂದ್ರಾ, ಅವರು ನನ್ನ ಕೈಗೆ ಅನ್ನ ಕೊಟ್ಟೋರು."

"ನಾನಿಲ್ಲ ಅಂದ್ನಾ? ಸೆಟ್ಟಿನೋರು ಹೋಗ್ಲಿ, ಊದಿ ಬರ್ಲಿ. ನೀವು ಹನ್ನೊಂದನೇ ದಿನಕ್ಕೆ ಹೋಗ್ರಿ. ರಾಮಗಿರಿಯೋರಿಗೆ ಗೊತ್ತಾದ್ರೆ ಏನ್ ಹೇಳ್ತೀರಿ?"

"ಗೊತ್ತಾಗಲ್ಲ. ಹೋಗಿ ಮುಖ ನೋಡಿ, ಎರಡು ಟ್ಯೂನು ಊದಿ, ಅಲ್ಲೇ ಸ್ನಾನ ಮಾಡ್ಕಂಡು ಬರ್ತೀನಿ."

"ಅದನ್ನ ಊದಬ್ಯಾಡ್ರಿ." ಅವಳ ದನಿ ಇಳಿದಿತ್ತು. "ಮಗಳಿಗೆ ಕೊಟ್ಟಿರೋ ಮಾತು. ನನ್ನಾಣೆ."

"ಊದಲ್ಲ" ಅಂದ ಕನಕರಾಜ್. ಹೇಳೋವಾಗ ಅದು ಸುಳ್ಳೂ ಆಗಿರಲಿಲ್ಲ.

ಮತ್ತೋಡಿನಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಕುರ್ಚಿ ಕಟ್ಟಿ ಮಾಸ್ಟ್ರನ್ನ ಕೂರಿಸಿದ್ರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ತೊಡೆ ಮೇಲೆ ಅವರ ಹಳೇ ಕ್ಲಾರ್ನೆಟ್ಟು. ಕನಕರಾಜ್ ಮುಂದೆ ನಿಂತು ಮಣ್ಣಿನ ಖಾನೆಯ ಟ್ಯೂನುಗಳನ್ನ ಒಂದಾದ ಮೇಲೆ ಒಂದು ಊದಿದ. ಮಲ್ಲೇಶ್ ಮೂರು ಏಟು, ಒಂದು ಬಿಡುವು ಕೊಡ್ತಾ ಬಂದ. ಎಲ್ಲಾ ಊರಿನವರಿಗೂ ಊದಿದ್ದ ಟ್ಯೂನುಗಳೇ. ಗೌಡರಿಗೂ ಅದೇ, ಕುಡಿದು ಸತ್ತವನಿಗೂ ಅದೇ. ಇನ್ನೊಬ್ಬರ ಎಂಜಲು ಅಂದಿದ್ರಲ್ಲ, ಆ ಮಾತು ಹೆಜ್ಜೆ ಹೆಜ್ಜೆಗೂ ಚುಚ್ಚಿತು. ಆದರೂ ಬಿಗಿ ಹಿಡಿದು ನಡೆದ.

ಗುಂಡಿಯ ಹತ್ತಿರ ಎಲ್ಲಾ ಶಾಸ್ತ್ರ ಮುಗಿದು ಮಾಸ್ಟ್ರನ್ನ ಅವರ ಕ್ಲಾರ್ನೆಟ್ ಸಮೇತ ಒಳಗೆ ಇಳಿಸಿದ್ರು. ಜನ ಒಂದೊಂದು ಹಿಡಿ ಮಣ್ಣು ತಗೊಂಡು ನಿಂತ್ರು. ಆ ಹೊತ್ತಿಗೆ ಸೆಟ್ಟು ಕೊನೇ ಸಲ ಊದಬೇಕು, ಊದಿದ ಮೇಲೇ ಮಣ್ಣು ಹಾಕೋದು. ಕನಕರಾಜ್ ಒಳಗೆ ನೋಡಿದ. ಮಾಸ್ಟ್ರ ಬಲಗೈ ಬೆರಳು ಕ್ಲಾರ್ನೆಟ್ಟಿನ ಮೇಲೆ ಹೆಂಗೋ ಸರಿಯಾದ ತೂತಿನ ಮೇಲೇ ಇದ್ವು. ಆ ಬೆರಳೇ ಇವನ ಬೆರಳನ್ನ ಹಿಡಿದು ಒಂದೊಂದೇ ತೂತು ಮುಚ್ಚಿಸಿ ಕಲಿಸಿದ್ದು. ಮೇಘಶ್ರೀ ಹುಟ್ಟಿದಾಗ ಹಳ್ಳಿಯಿಂದ ನಡ್ಕೊಂಡು ಬಂದು ಎತ್ತಿ ಆಡಿಸಿದ್ದೂ ಅದೇ ಕೈ. ಸಾವಿರ ಜನಕ್ಕೆ ಊದಿದ ಮನುಷ್ಯ ತನಗೆ ಅಂತ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಅದನ್ನೂ ಕೊಡದೆ ಕಳಿಸಿದ್ರೆ ನಾಳೆ ಈ ಕ್ಲಾರ್ನೆಟ್ಟನ್ನ ಯಾವ ಬಾಯಲ್ಲಿ ಹಿಡೀಲಿ?

ತುಟಿ ಒದ್ದೆ ಮಾಡ್ಕೊಂಡ. ಮೊದಲ ಸ್ವರ ಹೊರಟಿದ್ದೇ ಮಲ್ಲೇಶ್ ಬೆಚ್ಚಿ ಅವನ ಮುಖ ನೋಡಿದ.

"ಕನಕಣ್ಣ, ಅದಾ? ಯಾವ ಬಡಿತ?"

ಕನಕರಾಜ್ ಒಂದು ಕ್ಷಣ ತುಟಿ ತೆಗೆದ. "ಮಣ್ಣಿಂದು" ಅಂದ.

ಊದಿ ಮುಗಿಸೋ ಹೊತ್ತಿಗೆ ಅಲ್ಲಿ ಸಣ್ಣವರು ದೊಡ್ಡವರು ಎಲ್ಲ ಅಳ್ತಿದ್ರು. ಅವನು ಮಾತ್ರ ಅಳಲಿಲ್ಲ. ಅವನಿಗೆ ಕಾಣ್ತಿದ್ದದ್ದು ಮಗಳ ಮುಖ.

ಸಂಜೆ ಮನೆಗೆ ಬಂದವನು ನೋಟ್‌ಬುಕ್ ತೆಗೆದ. ಐದು ವರ್ಷ ಬರೀದೆ ಬಿಟ್ಟಿದ್ದನ್ನ ಮಣ್ಣಿನ ಖಾನೇಲಿ ಬರೆದ: 'ನನ್ನದು'. ಬೇರೆ ಹೆಸರು ಇರಲಿಲ್ಲ ಅದಕ್ಕೆ. ಮೇಘಶ್ರೀ ಕೈಗೆಲ್ಲ ಮೆಹಂದಿ ಹಾಕಿಸ್ಕೊಂಡು ಹಿಂದೆ ನಿಂತಿದ್ದು ಅವನಿಗೆ ಗೊತ್ತಾಗಲಿಲ್ಲ. ಅವಳು ಆ ಸಾಲು ನೋಡಿದಳು. "ಮಾಸ್ಟ್ರಜ್ಜನಿಗೆ ಊದಿದ್ಯಾ?" ಅಂದಳು.

"ಹೂಂ."

"ಹಂಗಾರೆ ನನಗೆ ಏನು ಊದ್ತೀಯಪ್ಪಾ?"

ಬೈದಿದ್ರೆ ಬೈಸಿಕೊಳ್ತಿದ್ದ. ಈಗ ಮದುವೆ ಖಾನೆಯ ಮೇಲೆ ಬೆರಳು ಓಡಿಸಿದ, ಅಲ್ಲಿದ್ದದ್ದೆಲ್ಲ ಊರಿನವರಿಗೆ ಊದಿದ್ದವೇ.

ಅಷ್ಟಕ್ಕೇ ಮುಗೀಲಿಲ್ಲ. ಪ್ರದೀಪ್ ಅನ್ನೋ ಪುಣ್ಯಾತ್ಮ ಗುಂಡಿ ಹತ್ರ ನಿಂತು ವಿಡಿಯೋ ಮಾಡಿದ್ದ. ದುಃಖ ಅವನಿಗೂ ಇತ್ತು, ಇಲ್ಲ ಅನ್ನಲ್ಲ. ಆದರೆ ದುಃಖ ಬಂದ್ರೆ ಸ್ಟೇಟಸ್ಸಿಗೆ ಹಾಕಲೇಬೇಕಾ? 'ಗುರುಗಳ ಅಂತಿಮ ಯಾತ್ರೆ, ಕನಕಣ್ಣನ ಸ್ವಂತ ಟ್ಯೂನ್' ಅಂತ ಹೆಸರು ಕೊಟ್ಟು ಹಾಕಿದ. ನೆಟ್ಟಿನವರು ಕೇಳಿದ ಖಾನೆ ಅಲ್ಲಿಗೆ ತಾನಾಗೇ ಭರ್ತಿ ಆಯ್ತು. ಶನಿವಾರ ಮಧ್ಯಾಹ್ನದೊಳಗೆ ಅದು ರಾಮಗಿರಿ ಮುಟ್ಟಿತು. ಓಬಣ್ಣನ ಫೋನ್ ಬಂತು.

"ಬೀಗ್ರೆ, ಹಾಲುಗಂಬ ನೆಟ್ಟು ಮಣ್ಣಿಗೆ ಹೋಗಿದ್ರಂತೆ?"

"ತಪ್ಪಾತು ಬೀಗ್ರೆ. ಗುರುಗಳು..."

"ನಮ್ಮನೇಲಿ ಎಲ್ಲರೂ ನೋಡ್ಯಾರೆ. ನಮ್ಮೋಳೂ ನೋಡಿದ್ಲು. ಒಂದು ಮಾತೂ ಆಡ್ಲಿಲ್ಲ, ಎದ್ದು ಒಳಕ್ಕೆ ಹೋದ್ಲು. ಅವಳಿಗೆ ಮೊದಲೇ ಒಂದು ಸಲ ಹಿಂಗೇ ಆಗೈತೆ, ನಿಮಗೆ ಗೊತ್ತಲ್ಲ. ಇರ್ಲಿ. ನಾಳೆ ಬರ್ತೀವಿ." ಫೋನು ಕಟ್ ಆಯ್ತು.

ಆ ರಾತ್ರಿ ಚಂದ್ರಕ್ಕ ಗಂಡನ ಹತ್ರ ಮಾತಾಡಲಿಲ್ಲ. ಅವಳು ಬೈಯದೆ ಇದ್ದದ್ದನ್ನ ಕನಕರಾಜ್ ಕಂಡಿದ್ದು ಅದೇ ಮೊದಲು.

ಭಾನುವಾರ ಸಮುದಾಯ ಭವನದಲ್ಲಿ ಧಾರೆ ಏನೋ ಸಾಂಗವಾಗಿ ಆಯ್ತು. ಆದರೆ ರಾಮಗಿರಿಯ ಹೆಂಗಸರು ಗುಂಪಾಗಿ ಕುಂತು ಪಿಸಿಪಿಸಿ ಮಾತಾಡಿ, ಇವನು ಹತ್ರ ಹೋದ್ರೆ ಸುಮ್ಮನಾಗ್ತಿದ್ರು. ಹೇಮಾವತಿ ಅವನ ಕಡೆ ತಿರುಗಿ ನೋಡಲಿಲ್ಲ. ಊಟ ಆಗಿ, ಹೆಣ್ಣು ಒಪ್ಪಿಸೋ ಹೊತ್ತು ಬಂತು. ಮೇಘಶ್ರೀ ಬಾಗಿಲ ಹತ್ರ ನಿಂತಳು. ಗಂಡ ಪಕ್ಕದಲ್ಲಿ, ಎದುರಿಗೆ ಅತ್ತೆ ಮಾವ. ಕನಕರಾಜ್ ರೇಷ್ಮೆ ಅಂಗಿ ಮೇಲೆಯೇ ಕ್ಲಾರ್ನೆಟ್ ಎತ್ತಿಕೊಂಡ. ಎಲ್ಲರ ಮದುವೇಲೂ ಊದೋ ಒಂದು ಸಿನಿಮಾ ಟ್ಯೂನು ಶುರುಮಾಡಿದ. ಮಲ್ಲೇಶ್ ಮದುವೆ ಬಡಿತ ಹಿಡಿದ. ಮಗಳು ತಲೆ ತಗ್ಗಿಸಿದಳು. ಅಪ್ಪನ ಕಡೆ ನೋಡಲೇ ಇಲ್ಲ.

"ನಿಲ್ಸ್ರಿ!"

ಹೇಮಾವತಿ ಕೈ ಎತ್ತಿದ್ದಳು. ಡ್ರಮ್ಮು ನಿಂತಿತು. ಪಾತ್ರೆ ತೊಳೆಯೋ ಸದ್ದೂ ನಿಂತಿತು. ಕನಕರಾಜನಿಗೆ ತಾಳ್ಯದ ಚಪ್ಪರವೇ ಮತ್ತೆ ಎದ್ದು ಬಂದಂಗಾಯ್ತು. ಚಂದ್ರಕ್ಕ ಓಡಿ ಬಂದು ಕೈ ಮುಗಿದಳು. "ಅಕ್ಕಾ, ಅದು ಆ ಟ್ಯೂನಲ್ಲ. ಇದು ಬೇರೆ, ದೇವರಾಣೆ ಬೇರೆ."

"ಗೊತ್ತು. ಅದಕ್ಕೇ ನಿಲ್ಸಂದೆ. ಮೊನ್ನೆ ಮತ್ತೋಡಲ್ಲಿ ಊದಿದ್ರಲ್ಲ, ಅದನ್ನ ಊದ್ರಿ ಬೀಗ್ರೆ."

ಓಬಣ್ಣ ಹೆಂಡತಿ ತೋಳು ಹಿಡಿದ. "ಏಯ್, ತಲೆಗಿಲೆ ಕೆಟ್ಟೈತೇನೇ? ಮಣ್ಣಿಗೆ ಊದಿದ್ದು ಕಣೇ ಅದು."

"ನೀವು ಸುಮ್ನಿರ್ರಿ. ಅವತ್ತೂ ಬರೀ ಗಂಡಸರೇ ಮಾತಾಡಿದ್ರಿ." ಅವಳು ಕನಕರಾಜನ ಎದುರಿಗೆ ಬಂದು ನಿಂತಳು. "ಬೀಗ್ರೆ, ನನ್ನ ಎತ್ತಿ ಬೆಳೆಸಿದ್ದು ನಮ್ಮಜ್ಜ. ನಿನ್ನ ಮದುವೆ ನೋಡ್ದೆ ಸಾಯಲ್ಲ ಕಣೇ ಅಂತಿದ್ದ. ಮೂರು ತಿಂಗಳು ಮೊದಲೇ ಹೋದ. ನೀವು ಚಪ್ಪರದಾಗೆ ಅದನ್ನ ಊದಿದಾಗ ಎಲ್ಲರಿಗೂ ಹೆಣ ನೆನಪಾತು. ನನಗೆ ನಮ್ಮಜ್ಜ ಬಂದು ಪಕ್ಕದಾಗೆ ನಿಂತಂಗಾತು. ಅಷ್ಟರಾಗೆ ನಿಲ್ಲಿಸಿಬಿಟ್ರು. ನಾನು ಅತ್ತಿದ್ದು ಊದಿದ್ದಕ್ಕಲ್ಲ, ನಿಲ್ಲಿಸಿದ್ದಕ್ಕೆ. ಮೂವತ್ತು ವರ್ಷ ಆತು, ಒಬ್ಬರಾದ್ರೂ ನನ್ನ ಕೇಳಿದ್ರಾ ಯಾಕೆ ಅತ್ತೆ ಅಂತ?"

ಅವಳು ಸೊಸೆಯ ಕೈ ಹಿಡಿದುಕೊಂಡಳು.

"ಇವಳನ್ನೂ ನಿಮ್ಮ ಮಾಸ್ಟ್ರು ಎತ್ತಿ ಆಡಿಸಿದ್ರಂತೆ. ಅವರೂ ಬಂದು ನೋಡ್ಲಿ. ಊದ್ರಿ."

ಮೇಘಶ್ರೀ ತಲೆ ಎತ್ತಿ ಅಪ್ಪನನ್ನ ನೋಡಿದಳು. ಕನಕರಾಜ್ ಕ್ಲಾರ್ನೆಟ್ ಬಾಯಿಗಿಟ್ಟ. ತೆಗೆದು, ತುಟಿ ಒರೆಸಿಕೊಂಡು, ಮತ್ತೆ ಇಟ್ಟ. ಪಕ್ಕದಲ್ಲಿ ಮಲ್ಲೇಶ್ ಎರಡು ಕೋಲು ಎತ್ತಿ ಹಿಡಿದು ಕಣ್ಣು ಕಣ್ಣು ಬಿಡ್ತಿದ್ದ.

"ಕನಕಣ್ಣ, ಯಾವ ಬಡಿತ?"

"ಯಾವ್ದೂ ಬ್ಯಾಡ. ಸುಮ್ನೆ ನಿಂತ್ಕ."

ಡ್ರಮ್ಮಿಲ್ಲದೆ, ಟ್ರಂಪೆಟ್ಟಿಲ್ಲದೆ, ಒಬ್ಬನೇ ಊದಿದ. ಮೇಘಶ್ರೀ ಅಳ್ತಾ ಅಳ್ತಾ ನಕ್ಕಳು. ಹೇಮಾವತಿ ಅವಳ ಕೈ ಬಿಡದೆ, ಪಕ್ಕದಲ್ಲಿ ಇನ್ನೊಬ್ಬರಿಗೆ ನಿಲ್ಲೋಕೆ ಜಾಗ ಬಿಟ್ಟವಳ ಹಂಗೆ ಒಂದು ಹೆಜ್ಜೆ ಸರಿದು ನಿಂತು, ಕಣ್ಣು ಮುಚ್ಚಿ ಕೊನೇವರೆಗೂ ಕೇಳಿದಳು. ಈ ಸಲ ಯಾರೂ ನಿಲ್ಲಿಸಲಿಲ್ಲ.